ಸ್ವಾಬ್ ತೆಗೆದ ದಿನದಿಂದ ಎಣಿಸಿ

ಮಾನ್ಯ ಸಂಪಾದಕರೇ,

ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2023ರ ಮೇ 5ರಂದು. ಅಲ್ಲಿಂದೀಚೆಗೆ ಪ್ರಯೋಗಾಲಯದಲ್ಲಿ ದುಡಿದ ನಮ್ಮಂಥವರನ್ನು ಕರೆದು 'ಎಲ್ಲಿ ಎಡವಿದೆವು, ಹೇಳಿ' ಎಂದು ಕೇಳಿದವರಿಲ್ಲ. ಕೇಳದಿದ್ದರೂ ಹೇಳೋಣವೆಂದು ಈ ಪತ್ರ ಬರೆಯುತ್ತಿದ್ದೇನೆ.

ಸಾಂಕ್ರಾಮಿಕದ ಮಾತು ಬಂದಾಗಲೆಲ್ಲ 'ಪರೀಕ್ಷೆ ಹೆಚ್ಚಿಸಬೇಕು' ಅನ್ನುತ್ತಾರೆ. ಎರಡು ವರ್ಷ ಆರ್‌ಟಿ-ಪಿಸಿಆರ್ ಕೆಲಸ ಮಾಡಿದ ನನಗೆ ಆಗ ಕಣ್ಣಮುಂದೆ ಬರುವುದು ಯಂತ್ರವಲ್ಲ, ಥರ್ಮಾಕೋಲ್ ಪೆಟ್ಟಿಗೆ. ಮುಚ್ಚಳ ತೆಗೆದರೆ ಐಸ್ ಪ್ಯಾಕ್ ಬೆವರಿ ಎಲ್ಲವೂ ಒದ್ದೆ. ಟ್ಯೂಬಿಗೆ ಅಂಟಿಸಿದ ಚೀಟಿಯಲ್ಲಿ ಹೆಸರಿರಬೇಕಾದ ಕಡೆ ನೀಲಿ ಕಲೆ. ಮುಚ್ಚಳ ಬಿಗಿಯಾಗದೆ ದ್ರವ ಸೋರಿಹೋದ ಟ್ಯೂಬು ಒಂದೆರಡು ಇದ್ದೇ ಇರುತ್ತಿದ್ದವು. ಜತೆಗೆ ಬಂದ ಹಾಳೆಯಲ್ಲಿ 60 ಹೆಸರು, ಪೆಟ್ಟಿಗೆಯಲ್ಲಿ 58 ಟ್ಯೂಬು. ಆ ಇಬ್ಬರು ಯಾರು? ಫೋನ್ ಮಾಡೋಣವೆಂದರೆ ನಂಬರಿನಲ್ಲಿ ಒಂದು ಅಂಕಿಯೇ ಇಲ್ಲ. ಎಷ್ಟೋ ದಿನ ಬೆಳಗಿನ ಹೊತ್ತೆಲ್ಲ ಇದರಲ್ಲೇ ಕಳೆದುಹೋಗುತ್ತಿತ್ತು.

ಯಂತ್ರದ ಕೆಲಸ ಬೇಗ ಮುಗಿಯುತ್ತಿತ್ತು. ನಮ್ಮ ಪ್ಲೇಟಿನಲ್ಲಿ 96 ಗುಳಿ. ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ನೋಡುವ ಕಂಟ್ರೋಲ್‌ಗೆ ಎರಡು ಬಿಟ್ಟರೆ ಒಮ್ಮೆಗೆ 94 ಜನರ ಮಾದರಿ. ವೈರಸ್ಸಿನ ಗುರುತು ಹೇಳುವ ಆರ್‌ಎನ್‌ಎ ಅಂಶವನ್ನು ಬೇರ್ಪಡಿಸಿ, ಅದನ್ನು ಇಮ್ಮಡಿಸುತ್ತ ಹೋಗುವ ಯಂತ್ರವನ್ನು 40 ಸುತ್ತು ಓಡಿಸಿ, ಪರದೆಯ ಗೆರೆಗಳನ್ನು ಓದಿ ಸಹಿ ಹಾಕುವ ತನಕ ಐದಾರು ಗಂಟೆ ಸಾಕು. ಆದರೂ ವರದಿ ಜನರ ಕೈಸೇರುತ್ತಿದ್ದದ್ದು ನಾಲ್ಕನೆಯ ದಿನವೋ ಐದನೆಯ ದಿನವೋ. ಉಳಿದ ಹೊತ್ತೆಲ್ಲ ಮಾದರಿ ದಾರಿಯಲ್ಲಿರುತ್ತಿತ್ತು, ಫ್ರಿಡ್ಜಿನಲ್ಲಿರುತ್ತಿತ್ತು. ಕೊನೆಗೆ ಫಲಿತಾಂಶದ ಹಾಳೆ ಡೇಟಾ ಎಂಟ್ರಿ ಮಾಡುವ ಒಬ್ಬನೇ ಹುಡುಗನ ಮೇಜಿನ ಮೇಲೆ ಕೂರುತ್ತಿತ್ತು. ಎರಡನೆಯ ಯಂತ್ರ ಬಂದಾಗ ಹೂವಿಟ್ಟು ಫೋಟೊ ತೆಗೆಸಿಕೊಂಡರು. ಎರಡನೆಯ ಹುಡುಗನನ್ನು ಕೊಡಿ ಎಂದು ಬರೆದದ್ದಕ್ಕೆ ಉತ್ತರವೇ ಬರಲಿಲ್ಲ.

ನಾಲ್ಕು ದಿನ ತಡವಾದರೆ ಏನು ಮಹಾ ಎಂದುಕೊಂಡವರಿಗೆ ನನ್ನದೇ ಕತೆ ಹೇಳುತ್ತೇನೆ. ಸೋಮವಾರ ನನಗೆ ಜ್ವರ ಬಂತು. ಮಂಗಳವಾರ ಸ್ವಾಬ್ ಕೊಟ್ಟು ಕೋಣೆ ಸೇರಿದೆ. ವರದಿ ಬಂದದ್ದು ಶನಿವಾರ ರಾತ್ರಿ, ಪಾಸಿಟಿವ್. ಭಾನುವಾರ ಬೆಳಿಗ್ಗೆ ಬೀದಿಯ ಎರಡೂ ತುದಿಗೆ ಬ್ಯಾರಿಕೇಡ್ ಬಿತ್ತು. ಅಂದಿನಿಂದ 14 ದಿನ ಸೀಲ್‌ಡೌನ್ ಎಂದು ಆದೇಶ. ಭಾನುವಾರ ಎಂದರೆ ನನ್ನ ಕಾಯಿಲೆಯ ಏಳನೆಯ ದಿನ. ಈ ಸೋಂಕು ಲಕ್ಷಣ ಕಾಣುವ ಸುಮಾರು ಎರಡು ದಿನ ಮೊದಲೇ ಹರಡತೊಡಗುತ್ತದೆ. ನನ್ನಂತೆ ಹಗುರವಾಗಿ ಬಂದುಹೋದವರಲ್ಲಿ ಹತ್ತು ದಿನ ಕಳೆದ ಮೇಲೆ ಜೀವಂತ ವೈರಸ್ ಸಿಗುವುದು ಅಪರೂಪ. ಹರಡುವ ಕಾಲದಲ್ಲಿ ಬೀದಿ ತೆರೆದೇ ಇತ್ತು. ಆ ಕಾಲ ಮುಗಿಯುತ್ತ ಬಂದಾಗ ಮುಚ್ಚಿ, 20ನೆಯ ದಿನದವರೆಗೂ ಮುಚ್ಚಿಯೇ ಇಟ್ಟರು.

ಎದುರುಮನೆಯಾತ ದಿನಗೂಲಿ ಮಾಡುವವರು. ಕಿಟಕಿಯಿಂದಲೇ ಕೂಗಿ ಹೇಳಿದರು: 'ಅಕ್ಕಾ, ಮೂಗಿಗೆ ಕಡ್ಡಿ ಹಾಕಿಸ್ಕೊಂಡಿದ್ದು ನೀವು, ಕೆಲ್ಸ ಬಿಟ್ಟು ಕೂತಿದ್ದು ನಾವು.' ಬೈಗುಳದ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ಇನ್ನಷ್ಟು ನಾಟಿತು. ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಸ್ವಾಬ್ ಕೊಡಲಿಲ್ಲ. ರಾತ್ರಿ ಹೊತ್ತು ಮೂರು ಮನೆಗಳಿಂದ ಕೆಮ್ಮು ಕೇಳುತ್ತಿತ್ತು. ಕಡತದಲ್ಲಿ ಮಾತ್ರ ನಮ್ಮದು ಸೊನ್ನೆ ಪ್ರಕರಣದ ಬೀದಿ, ಬಲು ಆರೋಗ್ಯವಂತ ಬೀದಿ.

ನಿರ್ಬಂಧವೇ ಬೇಡ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಬೇಕು, ಆದರೆ ಹೊತ್ತಿಗೆ ಸರಿಯಾಗಿ ಬೇಕು. ದಿನಗಳನ್ನು ವರದಿ ಬಂದ ತಾರೀಕಿನಿಂದ ಎಣಿಸುವುದು ತಪ್ಪು. ಲಕ್ಷಣ ಶುರುವಾದ ದಿನದಿಂದ ಎಣಿಸಬೇಕು, ಲಕ್ಷಣವೇ ಇಲ್ಲದಿದ್ದರೆ ಸ್ವಾಬ್ ತೆಗೆದ ದಿನದಿಂದ. ನಮ್ಮ ಮೇಜಿನ ಮೇಲೆ ತಡವಾದದ್ದಕ್ಕೆ ಬೀದಿಯವರೇಕೆ ದಂಡ ತೆರಬೇಕು?

ಇನ್ನೊಂದು ಎಡವಟ್ಟು ಸಂಪರ್ಕಿತರ ಪರೀಕ್ಷೆಯದು. ಒಬ್ಬರಿಗೆ ಪಾಸಿಟಿವ್ ಬಂದರೆ ಮನೆಯವರನ್ನೆಲ್ಲ ಅವತ್ತೇ ಸಾಲಾಗಿ ನಿಲ್ಲಿಸಿ ಸ್ವಾಬ್ ತೆಗೆಯುತ್ತಿದ್ದರು. ನೆಗೆಟಿವ್ ಬಂತೆಂದರೆ ಬಿಡುಗಡೆಯ ಚೀಟಿ ಸಿಕ್ಕಂತೆ, ಮರುದಿನವೇ ಓಡಾಟ. ಸೋಂಕು ತಗುಲಿದ ಮೊದಲೆರಡು ದಿನ ಪಿಸಿಆರ್‌ಗೂ ಏನೂ ಕಾಣುವುದಿಲ್ಲ. 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಅಂದಾಜಿನಂತೆ, ಲಕ್ಷಣ ಶುರುವಾದ ದಿನ ಪರೀಕ್ಷಿಸಿದರೂ ನೂರು ಸೋಂಕಿತರಲ್ಲಿ 38 ಮಂದಿ ತಪ್ಪಿಹೋಗುತ್ತಾರೆ. ಮೂರು ದಿನ ಬಿಟ್ಟು ತೆಗೆದರೆ ಅದು 20ಕ್ಕೆ ಇಳಿಯುತ್ತದೆ. ನೆಗೆಟಿವ್ ಬಂದವರಿಗೆ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಪಾಸಿಟಿವ್ ಎಂಬ ಪದವೂ ಒಂದೇ ತೂಕದ್ದಲ್ಲ. ಮಾದರಿಯಲ್ಲಿ ವೈರಸ್ ಹೆಚ್ಚಿದ್ದಷ್ಟೂ ಯಂತ್ರದ ಗೆರೆ ಬೇಗ ಏರುತ್ತದೆ. ಸುತ್ತು ಸುತ್ತಿಗೂ ವೈರಸ್ಸಿನ ಅಂಶ ಇಮ್ಮಡಿಯಾಗುವುದರಿಂದ, 18ನೆಯ ಸುತ್ತಿಗೆ ಗೆರೆ ಏರಿದ ಮಾದರಿಗೂ 36ನೆಯ ಸುತ್ತಿಗೆ ಏರಿದ್ದಕ್ಕೂ ಲೆಕ್ಕದಲ್ಲಿ ಎರಡೂವರೆ ಲಕ್ಷ ಪಟ್ಟು ಮೀರಿದ ಅಂತರ. ಎರಡನೆಯದು ಎಂದೋ ಬಂದುಹೋದ ಸೋಂಕಿನ ಚೂರಿರಬಹುದು, ಈಗಷ್ಟೇ ಶುರುವಾಗುತ್ತಿರುವ ಸೋಂಕೂ ಇರಬಹುದು, ಸ್ವಾಬ್ ತೆಗೆದವರು ಕಡ್ಡಿಯನ್ನು ಮೂಗಿನ ಬಾಗಿಲಿಗಷ್ಟೇ ಮುಟ್ಟಿಸಿರಲೂಬಹುದು. ಹಾಗಾಗಿ ಆ ಅಂಕಿಯೊಂದನ್ನೇ ಹಿಡಿದುಕೊಂಡು ಬೀಗ ಹಾಕುವುದೂ ಸಲ್ಲ, ತೆಗೆಯುವುದೂ ಸಲ್ಲ.

ಪರೀಕ್ಷೆಯ ಸಂಖ್ಯೆ ತೋರಿಸುವ ಆತುರದಲ್ಲಿ ಐದೈದು ಮಾದರಿ ಸೇರಿಸಿ ಪೂಲ್ ಮಾಡಲು ಹೇಳಿದ್ದರು. ಉಪಾಯ ಹಳೆಯದು, ಒಳ್ಳೆಯದೂ ಹೌದು. ಸೈನಿಕರ ರಕ್ತಪರೀಕ್ಷೆಗೆಂದು 1943ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಡಾರ್ಫ್‌ಮನ್ ಹಾಕಿಕೊಟ್ಟ ಲೆಕ್ಕ. ಪೂಲ್ ನೆಗೆಟಿವ್ ಬಂದರೆ ಐವರೂ ನೆಗೆಟಿವ್, ಪಾಸಿಟಿವ್ ಬಂದರೆ ಮಾತ್ರ ಐವರನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಬೇಕು. ನೂರಕ್ಕೆ ಇಬ್ಬರಿಗೆ ಸೋಂಕಿದ್ದಾಗ ನೂರು ಜನರನ್ನು ಸುಮಾರು 30 ಪರೀಕ್ಷೆಯಲ್ಲಿ ಮುಗಿಸಬಹುದು. ಆದರೆ ನೂರಕ್ಕೆ ಮೂವತ್ತು ಮಂದಿ ಸೋಂಕಿತರಾದರೆ ಬಹುತೇಕ ಪೂಲ್‌ಗಳೆಲ್ಲ ಪಾಸಿಟಿವ್ ಬಂದು, ಒಂದೊಂದನ್ನೂ ಬಿಡಿಸಿ ಮತ್ತೆ ಮಾಡಿ, 103 ಪರೀಕ್ಷೆ ಬೇಕಾಗುತ್ತದೆ. ಅಲೆ ಏರಿದ ಮೇಲೂ ಪೂಲ್ ನಿಲ್ಲಿಸಿ ಎಂಬ ಆದೇಶ ಬರಲಿಲ್ಲ. ಮಾಡಿದ್ದನ್ನೇ ಮಾಡುತ್ತ ರಾತ್ರಿ ಕಳೆದೆವು, ಇನ್ನೊಂದು ದಿನ ತಡವಾಯಿತು.

ಮುಂದೆ ಇಂಥ ದಿನ ಬಂದರೆ ನಿಮ್ಮ ವರದಿಗಾರರು ಒಂದು ಉಪಕಾರ ಮಾಡಲಿ. ಇಂದು ಎಷ್ಟು ಪರೀಕ್ಷೆ, ಎಷ್ಟು ಪಾಸಿಟಿವ್ ಎಂದು ಅಚ್ಚು ಹಾಕುವ ಜಾಗದಲ್ಲೇ, ಸ್ವಾಬ್ ತೆಗೆದ ಎಷ್ಟು ಗಂಟೆಗೆ ವರದಿ ಕೈಸೇರಿತು ಎಂಬ ಅಂಕಿಯನ್ನೂ ಕೇಳಿ ಹಾಕಲಿ. 24 ಗಂಟೆ ದಾಟಿದರೆ ದಪ್ಪಕ್ಷರದಲ್ಲಿ ಹಾಕಲಿ. ಲಕ್ಷಣ ಇದ್ದವರಿಗೆ ಅರ್ಧ ಗಂಟೆಯೊಳಗೆ ಉತ್ತರ ಕೊಡುವ ಆಂಟಿಜೆನ್ ಕಿಟ್ ಇದೆ. ಪಿಸಿಆರ್‌ನಷ್ಟು ಸೂಕ್ಷ್ಮವಲ್ಲ ನಿಜ, ಆದರೆ ವೈರಸ್ ಮೈತುಂಬ ಇರುವ ದಿನಗಳಲ್ಲಿ ಬಹುಪಾಲು ಹಿಡಿಯುತ್ತದೆ. ಶನಿವಾರದ ಪಕ್ಕಾ ವರದಿಗಿಂತ ಮಂಗಳವಾರವೇ ಸಿಗುವ ಅದು ನನ್ನ ಬೀದಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಸೀಲ್‌ಡೌನ್ ಆದೇಶದಲ್ಲಿ ತೆರವಿನ ತಾರೀಕೂ ಇರಲಿ, ಒಳಗೆ ಕೂತವರ ಕೂಲಿ ಕೊಡುವವರು ಯಾರೆಂಬುದೂ ಇರಲಿ.

ನನ್ನ ಹೆಸರು ಹಾಕಬೇಡಿ. ಜತೆಗೆ ದುಡಿದವರು ಇನ್ನೂ ಅಲ್ಲೇ ಇದ್ದಾರೆ. ಮತ್ತೆ, ಮಾದರಿ ಸಂಗ್ರಹಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಒದ್ದೆಯಾದರೂ ಕದಡುವುದಿಲ್ಲ.

ಇತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ