ಮೂವರು ಓದುಗರು, ಒಂದು ಹಸ್ತಪ್ರತಿ

ಪ್ರಿಯ ಕಿರಿಯ ಮಿತ್ರರೇ,

ಹಸ್ತಪ್ರತಿಯ ಜೊತೆಗೆ ನಿಮ್ಮ ಮೂವರು ಮೊದಲ ಓದುಗರ ಟಿಪ್ಪಣಿಗಳನ್ನೂ ಕಳುಹಿಸಿದ್ದು ಒಳ್ಳೆಯದಾಯಿತು. ಒಬ್ಬರಿಗೆ ನದಿಯ ಮೇಲಿನ ಪ್ರಯಾಣ ಮುಗಿಯುವುದೇ ಇಲ್ಲ ಅನ್ನಿಸಿದೆ. ಇನ್ನೊಬ್ಬರಿಗೆ ಅದೇ ಪ್ರಯಾಣ ಇಡೀ ಪುಸ್ತಕದ ಜೀವಾಳ. ಮೂರನೆಯವರಿಗೆ ಮಂತ್ರಶಕ್ತಿಯ ನಿಯಮಗಳು ಸ್ಪಷ್ಟವಾಗಿಲ್ಲವೆಂಬ ಸಿಟ್ಟು. ನೀವೀಗ ಮೂವರನ್ನೂ ಸಮಾಧಾನಪಡಿಸಲು ಹೊರಟಿದ್ದೀರಿ: ಪ್ರಯಾಣವನ್ನು ಅರ್ಧಕ್ಕೆ ಇಳಿಸಿ, ನಿಯಮಗಳನ್ನು ವಿವರಿಸಲು ಒಂದು ಅಧ್ಯಾಯ ಸೇರಿಸುತ್ತೀರಂತೆ. ದಯವಿಟ್ಟು ಬೇಡ. ಮೂವರಿಗೂ ಅಷ್ಟಷ್ಟು ಹಿಡಿಸುವಂತೆ ಬರೆದ ಪುಸ್ತಕವನ್ನು ಮೂವರೂ ಅರ್ಧದಲ್ಲೇ ಮುಚ್ಚಿಡುತ್ತಾರೆ.

ಈ ಗೊಂದಲ ನಿಮ್ಮೊಬ್ಬರದಲ್ಲ. ಟೋಲ್ಕಿನ್ 1960ರ ದಶಕದಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಎರಡನೆಯ ಆವೃತ್ತಿಗೆ ಬರೆದ ಮುನ್ನುಡಿಯನ್ನು ಒಮ್ಮೆ ಓದಿ. ತನಗೆ ಬಂದ ಪತ್ರಗಳಲ್ಲಿ ಕೆಲವರು ಕುಂದೆಂದು ತೋರಿಸಿದ ಭಾಗಗಳನ್ನೇ ಬೇರೆಯವರು ವಿಶೇಷವಾಗಿ ಮೆಚ್ಚಿಕೊಂಡಿದ್ದಾರೆ ಎಂದು ಆತ ಅಲ್ಲಿ ಹೇಳುತ್ತಾನೆ. ಕೊನೆಗೆ ಆತನೇ ಒಪ್ಪುವ ದೋಷ ಯಾವುದು ಗೊತ್ತೇ? ಪುಸ್ತಕ ತೀರಾ ಚಿಕ್ಕದಾಯಿತು ಎಂಬುದು! ಅದೇ ಪುಸ್ತಕದಲ್ಲಿ ಟಾಮ್ ಬಾಂಬಡಿಲ್ ಎಂಬ ಪಾತ್ರ ಬರುವ ಅಧ್ಯಾಯಗಳನ್ನು ಇಂದಿಗೂ ಕೆಲವರು ಹಾರಿಸಿ ಓದುತ್ತಾರೆ, ಕೆಲವರು ಅದಕ್ಕಾಗಿಯೇ ಮತ್ತೆ ಪುಸ್ತಕ ತೆರೆಯುತ್ತಾರೆ. ಪುಸ್ತಕವನ್ನು ಆಧರಿಸಿದ 2001ರ ಸಿನಿಮಾದಲ್ಲಿ ಆ ಪಾತ್ರವೇ ಇಲ್ಲ. ಅದನ್ನು ನೋಡಿ ನಿಟ್ಟುಸಿರಿಟ್ಟವರೂ ಇದ್ದಾರೆ, ನಿರಾಳವಾದವರೂ ಇದ್ದಾರೆ.

ದೀರ್ಘ ಫ್ಯಾಂಟಸಿ ಸರಣಿಗಳ ಓದುಗರನ್ನು ಒಂದೇ ಗುಂಪೆಂದು ಎಣಿಸುವುದರಿಂದಲೇ ಅರ್ಧ ತೊಂದರೆ. ಒಬ್ಬನಿಗೆ ಆ ಲೋಕದಲ್ಲಿ ಕೆಲಕಾಲ ಬದುಕಬೇಕು. ಅವನಿಗೆ ಊರ ಹೆಸರು, ವಂಶಾವಳಿ, ಹಬ್ಬ, ಹಾಡು ಎಷ್ಟಿದ್ದರೂ ಸಾಲದು. ಇನ್ನೊಬ್ಬಳಿಗೆ ಒಗಟು ಬೇಕು; ಸ್ಟೀವನ್ ಎರಿಕ್ಸನ್ 1999ರಿಂದ 2011ರವರೆಗೆ ಬರೆದ ಹತ್ತು ಸಂಪುಟಗಳ ಮಲಾಜನ್ ಸರಣಿ ಯಾರು, ಏನು, ಏಕೆ ಎಂದು ವಿವರಿಸದೆ ಯುದ್ಧದ ನಡುವೆಯೇ ಓದುಗರನ್ನು ಇಳಿಸಿಬಿಡುತ್ತದೆ. ಕೆಲವರು ಮೊದಲ ಸಂಪುಟದಲ್ಲೇ ಕೈಬಿಡುತ್ತಾರೆ, ಉಳಿದವರು ಅದನ್ನು ಎರಡೆರಡು ಸಲ ಓದುತ್ತಾರೆ. ಮತ್ತೆ ಕೆಲವರಿಗೆ ರಾಜ್ಯವೂ ಬೇಡ, ಯುದ್ಧವೂ ಬೇಡ, ಒಂದು ಮನಸ್ಸಿನ ಒಳಗು ಬೇಕು. ಕಾದಂಬರಿಗಾರ್ತಿ ರಾಬಿನ್ ಹಾಬ್ ಒಬ್ಬನೇ ಹುಡುಗನ ಬಾಯಿಂದ ಕಥೆ ಹೇಳಿಸಿದ್ದು ಅಂಥವರನ್ನು ಹಿಡಿದಿಟ್ಟಿತು. ಇವರಲ್ಲಿ ಯಾರ ರುಚಿಯೂ ಕೀಳಲ್ಲ. ಆದರೆ ಒಬ್ಬರಿಗೆ ಕೊಟ್ಟ ಮಾತನ್ನು ಇನ್ನೊಬ್ಬರಿಗಾಗಿ ಮುರಿಯಬಾರದು. ಆ ಮಾತನ್ನು ನೀವು ಮೊದಲ ನೂರು ಪುಟಗಳಲ್ಲಿ ಕೊಟ್ಟಾಗಿರುತ್ತದೆ, ನಿಮಗೆ ಗೊತ್ತಿರಲಿ ಬಿಡಲಿ.

ನಿಮ್ಮ ಮೂರನೆಯ ಓದುಗರ ದೂರನ್ನು ನೋಡೋಣ. ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್‌ಸನ್ ಒಂದು ಸೂತ್ರ ಹೇಳಿದ್ದಾನೆ: ಮಂತ್ರವಿದ್ಯೆಯನ್ನು ಓದುಗ ಎಷ್ಟರಮಟ್ಟಿಗೆ ಅರ್ಥಮಾಡಿಕೊಂಡಿದ್ದಾನೋ ಅಷ್ಟರಮಟ್ಟಿಗೆ ಮಾತ್ರ ಅದರಿಂದ ಕಥೆಯ ಸಂಕಟವನ್ನು ಬಿಡಿಸಬಹುದು. ಒಳ್ಳೆಯ ಸೂತ್ರ, ಆದರೆ ಅದನ್ನು ಪೂರ್ತಿಯಾಗಿ ಓದದೆ ಬಳಸುವವರೇ ಹೆಚ್ಚು. ಮಂತ್ರದಿಂದ ಸಂಕಟ ಬಿಡಿಸುವವರಿಗೆ ಹೇಳಿದ ಮಾತದು. ನಿಮ್ಮ ಹಸ್ತಪ್ರತಿಯಲ್ಲಿ ಮಂತ್ರದಿಂದ ಯಾವ ಸಂಕಟವೂ ಬಗೆಹರಿಯುವುದಿಲ್ಲ, ಹೊಸ ಸಂಕಟಗಳೇ ಹುಟ್ಟುತ್ತವೆ. ಹಾಗಿರುವಾಗ ನಿಯಮಗಳ ಅಧ್ಯಾಯ ಯಾರಿಗಾಗಿ? ಇದಕ್ಕೆ ಅಪವಾದವಾಗಿ, ಮಂತ್ರದಿಂದ ಕೋಟೆಯ ಬಾಗಿಲು ತೆರೆಯುವ ಒಂದೇ ಒಂದು ಸಂದರ್ಭವಿದೆ. ಅಲ್ಲಿ ಮಾತ್ರ ಓದುಗರಿಗೆ ಮೋಸವಾದಂತೆ ಅನ್ನಿಸುತ್ತದೆ. ಆ ಶಕ್ತಿಯ ಸುಳಿವನ್ನು ಎರಡು ಅಧ್ಯಾಯ ಮೊದಲೇ ಕೊಡಿ, ಸಾಕು.

ಇನ್ನು 'ನಿಧಾನ' ಎಂಬ ದೂರು. ಇದು ಎಲ್ಲ ದೂರುಗಳಿಗೂ ಬಳಕೆಯಾಗುವ ಹೆಸರು, ಆದ್ದರಿಂದ ನಂಬಲು ಕಷ್ಟ. ನಿಮ್ಮ ಮೊದಲ ಓದುಗರು ಪುಟದ ಅಂಚಿನಲ್ಲಿ ಎಲ್ಲಿ ಆಕಳಿಸಿದ್ದಾರೆಂದು ಗಮನವಿಟ್ಟು ನೋಡಿದೆ. ದೋಣಿ ಹೊರಟಾಗ ಅಲ್ಲ, ದೋಣಿಯವರ ಹಾಡುಗಳಲ್ಲೂ ಅಲ್ಲ. ತಂದೆಯ ಬಳಿಗೆ ಹಿಂದಿರುಗುವುದಿಲ್ಲವೆಂದು ಹುಡುಗಿ ನಿರ್ಧರಿಸಿದ ಮೇಲೆ. ಅಲ್ಲಿಂದ ಮುಂದೆ ನದಿ ಹರಿಯುತ್ತದೆ, ಹುಡುಗಿ ನಿಂತಲ್ಲೇ ನಿಂತಿದ್ದಾಳೆ. ಪ್ರಯಾಣವನ್ನು ಅರ್ಧಕ್ಕೆ ಇಳಿಸಿದರೆ ಬೇಸರವೂ ಅರ್ಧವಾದೀತು, ಅಷ್ಟೇ. ಎರಡನೆಯ ಓದುಗರ ಸುಖವಂತೂ ಪೂರ್ತಿ ಹೋಗುತ್ತದೆ. ಬದಲಿಗೆ ನದಿ ಅವಳಿಂದ ಏನನ್ನಾದರೂ ಕಿತ್ತುಕೊಳ್ಳಲಿ. ಆ ನಿರ್ಧಾರವನ್ನೇ ಅಲುಗಿಸುವ ಒಂದು ಸುದ್ದಿ ಬರಲಿ. ಪುಟಗಳ ಸಂಖ್ಯೆ ಹಾಗೇ ಇದ್ದರೂ ಇಬ್ಬರೂ ದೋಣಿಯಲ್ಲಿ ಉಳಿಯುತ್ತಾರೆ.

ರುಚಿಯ ಬಗ್ಗೆ ಮಾತಾಡುವಾಗ ಕಾಲವನ್ನು ಎಲ್ಲರೂ ಮರೆಯುತ್ತಾರೆ. ರಾಬರ್ಟ್ ಜೋರ್ಡನ್ 1990ರಲ್ಲಿ 'ದಿ ವೀಲ್ ಆಫ್ ಟೈಮ್' ಸರಣಿ ಆರಂಭಿಸಿದ. ಒಂಬತ್ತನೆಯ ಸಂಪುಟ 2000ದಲ್ಲಿ ದೊಡ್ಡದೊಂದು ಘಟನೆಯೊಂದಿಗೆ ಮುಗಿಯಿತು. ಮುಂದೇನೆಂದು ಎರಡು ವರ್ಷಕ್ಕೂ ಹೆಚ್ಚು ಕಾದವರಿಗೆ 2003ರಲ್ಲಿ ಸಿಕ್ಕ ಹತ್ತನೆಯ ಸಂಪುಟದ ಬಹುಭಾಗ, ಆ ಘಟನೆ ನಡೆಯುತ್ತಿದ್ದಾಗ ಉಳಿದವರು ಏನು ಮಾಡುತ್ತಿದ್ದರು ಎಂಬುದೇ. ಓದುಗರು ಕೆಂಡವಾದರು. ಜೋರ್ಡನ್ 2007ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಸ್ಯಾಂಡರ್‌ಸನ್ 2013ರಲ್ಲಿ ಹದಿನಾಲ್ಕನೆಯ ಸಂಪುಟದೊಂದಿಗೆ ಸರಣಿ ಮುಗಿಸಿದ. ಇಂದು ಹದಿನಾಲ್ಕನ್ನೂ ಸಾಲಾಗಿ ಓದುವವನಿಗೆ ಆ ಹತ್ತನೆಯದು ಕೆಲವು ದಿನಗಳ ಏರುದಾರಿ, ಅಷ್ಟೇ. ಪುಸ್ತಕ ಒಂದಕ್ಷರವೂ ಬದಲಾಗಿಲ್ಲ. ಕಾದು ಓದುವವನ ರುಚಿಯೇ ಬೇರೆ, ಕೂಡಿಟ್ಟು ಓದುವವನ ರುಚಿಯೇ ಬೇರೆ. ಸರಣಿ ಪೂರ್ತಿಯಾಗುವವರೆಗೆ ಮುಟ್ಟುವುದಿಲ್ಲ ಎನ್ನುವವರೂ ಇದ್ದಾರೆ. ಅವರನ್ನು ಬೈಯಬೇಡಿ, ಅವರು ಪೆಟ್ಟು ತಿಂದವರು. ನಿಮ್ಮ ಮೊದಲ ಸಂಪುಟದಲ್ಲಿ ಒಂದಾದರೂ ಗಂಟು ಪೂರ್ತಿ ಬಿಚ್ಚಿಕೊಳ್ಳಲಿ.

ಅನೇಕ ಪಾತ್ರಗಳ ಕಣ್ಣಿಂದ ಕಥೆ ಹೇಳುವುದು ನಿಮಗೆ ಇಷ್ಟ. ಅದರ ಬೆಲೆಯೂ ತಿಳಿದಿರಲಿ. ಜಾರ್ಜ್ ಮಾರ್ಟಿನ್ ತನ್ನ 'ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್' ಸರಣಿಯ ನಾಲ್ಕನೆಯ ಸಂಪುಟ ಕೈಮೀರಿ ಬೆಳೆದಾಗ ಎಲ್ಲರ ಕಥೆಯನ್ನೂ ಅರ್ಧಕ್ಕೆ ನಿಲ್ಲಿಸಲಿಲ್ಲ. ಅರ್ಧದಷ್ಟು ಪಾತ್ರಗಳ ಕಥೆಯನ್ನು ಪೂರ್ತಿ ಹೇಳಿ 2005ರಲ್ಲಿ ಪ್ರಕಟಿಸಿದ. ರಚನೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಆದರೆ ಉಳಿದ ಅರ್ಧದಲ್ಲಿದ್ದ ಟಿರಿಯನ್ ಎಂಬ ಪಾತ್ರಕ್ಕಾಗಿ ಓದುತ್ತಿದ್ದವನು 2000ದ ನಂತರ ಅವನ ಅಧ್ಯಾಯಕ್ಕಾಗಿ 2011ರವರೆಗೆ ಕಾಯಬೇಕಾಯಿತು. ಯಾವ ಪಾತ್ರಕ್ಕೆ ಯಾರು ಮನಸೋಲುತ್ತಾರೆಂದು ಬರೆಯುವವನ ಕೈಯಲ್ಲಿಲ್ಲ. ರನ್ನ ತನ್ನ ಕಾವ್ಯಕ್ಕೆ ಭೀಮನನ್ನೇ ನಾಯಕನನ್ನಾಗಿಸಿದ. ಓದಿದವರು ಶತಮಾನಗಳ ನಂತರವೂ ದುರ್ಯೋಧನನಿಗಾಗಿ ಮರುಗುತ್ತಾರೆ. ಅದೇ ಭಾರತವನ್ನು ಪಂಪ ಹದಿನಾಲ್ಕು ಆಶ್ವಾಸಗಳಿಗೆ ಇಳಿಸಿದ, ಕುಮಾರವ್ಯಾಸ ಹತ್ತು ಪರ್ವಗಳಷ್ಟನ್ನೇ ಹೇಳಿದರೂ ಹೊಳೆಯಂತೆ ಹರಿಸಿದ. ಪಂಪನನ್ನು ಮೆಚ್ಚಿದವರೆಲ್ಲ ಕುಮಾರವ್ಯಾಸನನ್ನು ಮೆಚ್ಚಲೇಬೇಕೆಂದಿಲ್ಲ. ಈ ಮೂವರು ಕವಿಗಳಲ್ಲಿ ಯಾರೂ ಉಳಿದಿಬ್ಬರ ಓದುಗರಿಗಾಗಿ ಬರೆಯಲು ಹೋಗಲಿಲ್ಲ.

ರನ್ನನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹಿಂದಿನ ಸಂಪುಟ ಮರೆತವರಿಗೆ ಕಥೆಯನ್ನು ನೆನಪಿಸುವುದು ಹೇಗೆಂದು ಕೇಳಿದ್ದೀರಿ. 'ಗದಾಯುದ್ಧ'ದ ಸಿಂಹಾವಲೋಕನ ಕ್ರಮವನ್ನು ನೋಡಿ. ಕೊನೆಯ ಕಾಳಗದ ಸುತ್ತಲೇ ನಿಂತು, ಪಾತ್ರಗಳ ಸಿಟ್ಟು, ಮೂದಲಿಕೆ, ಅಳಲಿನೊಳಗೆ ಇಡೀ ಭಾರತವನ್ನು ತಂದಿದ್ದಾನೆ. ಹಳೆಯದನ್ನು ನೆನೆಯಲು ಪಾತ್ರಕ್ಕೆ ಈಗಲೇ ಒಂದು ಕಾರಣ ಬೇಕು. ಕಾರಣವಿದ್ದರೆ ಮರೆತವನಿಗೆ ನೆನಪಾಗುತ್ತದೆ, ನೆನಪಿದ್ದವನಿಗೆ ಬೇಸರವಾಗುವುದಿಲ್ಲ.

ಆದ್ದರಿಂದ ಮುಂದಿನ ಕರಡನ್ನು ಸದ್ಯಕ್ಕೆ ಎರಡನೆಯ ಓದುಗರಿಗೆ ಮಾತ್ರ ತೋರಿಸಿ. ನೀವು ಬರೆಯುತ್ತಿರುವುದು ಅವರ ಪುಸ್ತಕವನ್ನೇ. ಅವರಿಗೂ ಎಲ್ಲಿ ಬೇಸರವಾಯಿತೋ ಅಲ್ಲಿ ಮರುಮಾತಿಲ್ಲದೆ ಕತ್ತರಿ ಆಡಿಸಿ. ಮೊದಲನೆಯವರಿಗೆ ಪುಸ್ತಕ ಮುಗಿದ ಮೇಲೆ ಕೊಡಬಹುದು, ಬೈದರೆ ಬೈಯಲಿ.

ನಕ್ಷೆ ಹಾಕಬೇಕೇ ಎಂದಿದ್ದಿರಿ. ಹಾಕಿ, ಆದರೆ ಅದರಲ್ಲಿರುವ ಊರುಗಳಿಗೆಲ್ಲ ಕಥೆ ಹೋಗಲೇಬೇಕೆಂಬ ಹಟ ಬೇಡ. ಹಾಗೆಯೇ ವಿರಾಜ, ವಿರೂಕ, ವಿರಣ ಎಂಬ ಮೂವರು ಅರಸರಲ್ಲಿ ಇಬ್ಬರ ಹೆಸರನ್ನಾದರೂ ಬದಲಿಸಿ. ಮೂವರು ಓದುಗರೂ ಒಮ್ಮತದಿಂದ ಎಡವಿದ ಜಾಗ ಅದೊಂದೇ, ನಾನೂ ಅಲ್ಲೇ ಎಡವಿದೆ.

ವಿಶ್ವಾಸದಿಂದ,
ನಿಮ್ಮ ಹಿರಿಯ ಗೆಳೆಯ