ಸ್ಯಾಮಿಗೆ, ಮುಯ್ಯಿ ಲೆಕ್ಕದ ಬಗ್ಗೆ

ಸ್ಯಾಮಿ,

ನಿನ್ನ ವಾಯ್ಸ್ ನೋಟ್ ಕೇಳಿದೆ. ಅರ್ಧ ಬೆಂಗಳೂರಿನ ಹಾರ್ನು, ಅರ್ಧ ನೀನು. ಹೊಸ ಸಭೆ ಸಿಕ್ಕಿದೆ, ಎ.ಸಿ. ಇದೆ, ಆರಾಧನೆ ಮುಗಿದ ಮೇಲೆ ಫಿಲ್ಟರ್ ಕಾಫಿ ಕೊಡ್ತಾರೆ, "ಫೆಲೋಶಿಪ್ ಅಂದ್ರೆ ಇದು ಮಾರಾಯ, ಎಲ್ಲ ನಮ್ಮಂಥೋರೇ" ಅಂದೆ. ಸಂತೋಷ. ಕಾಫಿ ವಿಷಯದಲ್ಲಿ ನಿನ್ನ ಎದುರು ಮಾತಾಡೋ ಹಕ್ಕನ್ನ ನಾನು ಹಸಿರು ಫ್ಲಾಸ್ಕಿನ ಪ್ರಕರಣದಲ್ಲೇ ಕಳಕೊಂಡೆ. (ಇದನ್ನ ಓದ್ತಿರೋ ಉಳಿದವರು ಕೇಳಬೇಡಿ, ಹೇಳೋದಿಲ್ಲ.)

ಆದ್ರೆ ಆ "ನಮ್ಮಂಥೋರೇ" ಬಗ್ಗೆ ನನಗೊಂದು ತಕರಾರಿದೆ.

ನಮ್ಮ ಜಿಲ್ಲೇನೇ ತಗೊ. ಶಿವಮೊಗ್ಗದಲ್ಲಿ 1988ರಿಂದ ಒಂದು ಕಥೋಲಿಕ ಧರ್ಮಪ್ರಾಂತ್ಯ, ಅಂದ್ರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ. ಪಕ್ಕದ ಭದ್ರಾವತಿಯಲ್ಲಿ 2007ರಿಂದ ಕೇರಳ ಮೂಲದ ಕಥೋಲಿಕರಾದ ಸಿರೋ ಮಲಬಾರಿನವರದ್ದು ಇನ್ನೊಂದು. ಘಟ್ಟ ಹತ್ತಿ ಬಂದ ಕೊಂಕಣಿಯವರು, ಕೇರಳದಿಂದ ಬಂದು ರಬ್ಬರು ಹಾಕಿದವರು, ಕಾರ್ಖಾನೆ ಕೆಲಸ ನಂಬಿ ಬಂದ ತಮಿಳರು, ಎಲ್ಲರೂ ಯೇಸುವಿನವರೇ. ಭಾನುವಾರ ಮಾತ್ರ ಭಾಷೆಗೊಂದು ಹೊತ್ತು. ನಾವು ಸಿ.ಎಸ್.ಐ.ನವರು, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾದವರು, ಐಕ್ಯದ ಬಗ್ಗೆ ಸ್ವಲ್ಪ ಎದೆ ಉಬ್ಬಿಸ್ತೀವಿ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ 1947ರ ಸೆಪ್ಟೆಂಬರಿನಲ್ಲಿ ಮದ್ರಾಸಿನಲ್ಲಿ ಮುಗೀತು. ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರೆಗೇಷನಲ್ ಸಭೆಯವರು ಒಂದು ಸಭೆ ಆಗೋಕೆ 28 ವರ್ಷ ಹಿಡೀತು. ಬಿಷಪ್ ಬೇಕು ಅನ್ನೋರು, ಬಿಷಪ್ಪೇ ಬೇಡ ಅನ್ನೋರು ಒಂದೇ ಮೇಜಿಗೆ ಬಂದರು. ಸಣ್ಣ ಮಾತಲ್ಲ. ನಮ್ಮ ಶುಕ್ರವಾರದ ಮನೆಕೂಟ ಚಹಾಕ್ಕೆ ಶುಂಠಿ ಹಾಕಬೇಕೋ ಬೇಡವೋ ಅಂತ ಇನ್ನೂ ಮಾತಾಡ್ತಾನೇ ಇದೆ. ಅದಿರಲಿ, ಇಷ್ಟೆಲ್ಲ ಒಂದಾದ ಮೇಲೂ ಹುಡುಗಿ ನೋಡೋಕೆ ಹೊರಟಾಗ ಮುತ್ತಜ್ಜ ಬಿಟ್ಟುಬಂದ ಜಾತಿ ಯಾಕೆ ನಮಗಿಂತ ಮೊದಲೇ ಕಾರು ಹತ್ತಿ ಕೂತಿರುತ್ತೆ, ಹೇಳು?

ಬೈಬಲಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಅಂತಿಯೋಕ್ಯ ಅನ್ನೋ ಊರಲ್ಲಿ ಮಾಡಿದ್ದೂ ಇದೇ. ಅನ್ಯಜನರ, ಅಂದ್ರೆ ಯೆಹೂದ್ಯರಲ್ಲದವರ, ಜೊತೆ ಆರಾಮಾಗಿ ಊಟ ಮಾಡ್ತಿದ್ದ. ಯೆರೂಸಲೇಮ್ ಸಭೆಯ ಹಿರಿಯ ಯಾಕೋಬನ ಕಡೆಯ ಯೆಹೂದ್ಯರು ಬಂದರು ನೋಡು, ಮೆಲ್ಲಗೆ ಎದ್ದು ಬೇರೆ ಪಂಕ್ತಿಗೆ ಹೋದ. ಅವನ ನಂಬಿಕೆ ಬದಲಾಗಿರಲಿಲ್ಲ, ಊಟದ ಜಾಗ ಬದಲಾಗಿತ್ತು ಅಷ್ಟೆ. ಪೌಲನ ಜೊತೆಗಾರ, ಬಾರ್ನಬನಂಥ ಬಾರ್ನಬನೂ ಅವನ ಹಿಂದೆ ಹೋದ. ಸಭೆಗಳಿಗೆ ಪತ್ರ ಬರೀತಿದ್ದ ಆ ಪೌಲ ಎಲ್ಲರ ಮುಂದೆಯೇ ಪೇತ್ರನನ್ನ ತರಾಟೆಗೆ ತಗೊಂಡ. ಅವನು ಇದನ್ನ ಶಿಷ್ಟಾಚಾರದ ವಿಷಯ ಅಂತ ಬಿಡಲಿಲ್ಲ, ಸುವಾರ್ತೆಯ ಸತ್ಯಕ್ಕೇ ಸರಿಯಾಗಿ ನಡೀತಿಲ್ಲ ನೀವು ಅಂದ. ನನಗೆ ಇಲ್ಲಿ ಕಾಣೋದು ಇಷ್ಟು: ಪಕ್ಕದಲ್ಲಿ ಯಾರು ಕೂರಬೇಕು ಅಂತ ಆರಿಸೋ ಅಧಿಕಾರ ನಮಗೆ ಕೊಟ್ಟೇ ಇಲ್ಲ. ಕ್ರಿಸ್ತನು ಸೇರಿಸಿಕೊಂಡವರನ್ನ ನಾವೂ ಸೇರಿಸಿಕೊಳ್ಳಬೇಕು. ಅವರು ನಮಗೆ ಹಿಡಿಸ್ತಾರಾ ಅನ್ನೋದು ಆಮೇಲಿನ ಮಾತು, ಕೆಲವು ಸಲ ಬರದೇ ಇರೋ ಮಾತು. ಫಿಲಿಪ್ಪಿ ಊರಿನ ಸಭೆಯಲ್ಲಿ ಯುವೊದ್ಯ ಮತ್ತು ಸಂತುಕೆ ಅನ್ನೋ ಇಬ್ಬರು ಹೆಂಗಸರಿಗೆ ಮನಸ್ತಾಪ ಬಂದಾಗ ಪೌಲ "ಎಷ್ಟು ವರ್ಷದ ಗೆಳತಿಯರು ನೀವು" ಅಂತ ಸಮಾಧಾನ ಮಾಡೋಕೆ ಹೋಗಲಿಲ್ಲ. ಕರ್ತನಲ್ಲಿ ಒಂದೇ ಮನಸ್ಸುಳ್ಳವರಾಗಿರಿ ಅಂದ. ಗೆಳೆತನ ಬತ್ತಿದ ಮೇಲೂ ಉಳಿಯೋ ಒಂದು ಆಧಾರ ಅದು.

ಈ ಮಳೆಗಾಲದಲ್ಲಿ ಪ್ರಸಂಗ ಬಿಗಿಯೋಕೆ ಬೇರೆ ಯಾರೂ ಸಿಗಲಿಲ್ಲವಾ ಅಂತ ಕೇಳ್ತೀಯ. ಸ್ವಲ್ಪ ತಾಳು.

ನಮ್ಮ ಮನೆಕೂಟ ಗೊತ್ತಲ್ಲ, ಸರದಿ ಪ್ರಕಾರ ನಡೆಯುತ್ತೆ. ಈ ವಾರ ನಮ್ಮನೆ, ಮುಂದಿನ ವಾರ ನಿಮ್ಮನೆ. ನೀವು ಉಪ್ಪಿಟ್ಟು ಕೊಟ್ರೆ ನಾವು ಅವಲಕ್ಕಿ. ಅವರು ನಮ್ಮ ಗೃಹಪ್ರವೇಶಕ್ಕೆ ಬಂದಿದ್ರು, ನಾವು ಅವರ ಮಗನ ಸ್ಥಿರೀಕರಣಕ್ಕೆ (ಸಭೆಯ ಪೂರ್ಣ ಸದಸ್ಯನಾಗೋ ಆರಾಧನೆಗೆ) ಹೋಗಬೇಕು. ಅಡಿಕೆ ಸುಲಿಯೋ ಕಾಲದಲ್ಲಿ ನಮ್ಮಜ್ಜನ ಊರಲ್ಲಿ ನಡೀತಿದ್ದ ಮುಯ್ಯಾಳಿನ ಲೆಕ್ಕ ಇದು: ನೀನು ನನ್ನ ಅಂಗಳಕ್ಕೆ ಒಂದು ರಾತ್ರಿ ಬಾ, ನಾನು ನಿನ್ನ ಅಂಗಳಕ್ಕೆ ಒಂದು ರಾತ್ರಿ ಬರ್ತೀನಿ. ಮುಯ್ಯಿ ಒಳ್ಳೇದೇ, ಅದಿಲ್ಲದೆ ಮಲೆನಾಡಲ್ಲಿ ಒಂದು ಚಪ್ಪರವೂ ಏಳ್ತಿರಲಿಲ್ಲ. ಆದರೆ ತಿರುಗಿಸೋಕೆ ಏನೂ ಇಲ್ಲದವರು ಆ ಲೆಕ್ಕದಲ್ಲಿ ಬರೋದೇ ಇಲ್ಲ.

ನಮ್ಮ ಕೂಟಕ್ಕೆ ಒಬ್ಬ ಅಕ್ಕ ಬರ್ತಾರೆ. ಮನೆಮಾತು ತಮಿಳು, ಕನ್ನಡ ಅವರದೇ ರೀತಿಯದ್ದು. ಎರಡು ಮನೆ ಪಾತ್ರೆ ಮುಗಿಸಿ, ಎರಡನೇ ಕೀರ್ತನೆ ಹೊತ್ತಿಗೆ ಬಾಗಿಲ ಹತ್ತಿರ ಬಂದು ಕೂರ್ತಾರೆ. ಅವರದ್ದು ಒಂದೇ ಕೋಣೆ ಮನೆ, ಹಾಗಾಗಿ ಸರದಿ ಪಟ್ಟಿಯಲ್ಲಿ ಆ ಮನೆ ಇಲ್ಲ. ಯಾರೂ ಬೇಕು ಅಂತ ಬಿಟ್ಟಿದ್ದಲ್ಲ. ಪೌಲ ಪತ್ರ ಬರೆದ ಕೊರಿಂಥದ ಸಭೆಯಲ್ಲೂ ಯಾರೂ ಬೇಕು ಅಂತ ಬಿಟ್ಟಿರಲಿಕ್ಕಿಲ್ಲ. ಅನುಕೂಲಸ್ಥರು ತಮ್ಮ ತಮ್ಮ ಊಟ ಮೊದಲೇ ಮಾಡಿಬಿಡ್ತಿದ್ರು, ಇಲ್ಲದವರು ಹಸಿದೇ ಇರ್ತಿದ್ರು. ನೀವು ಮಾಡ್ತಿರೋದು ಯೇಸುವಿನ ನೆನಪಿಗೆ ಕೂಡಿ ಮಾಡೋ ಕರ್ತನ ಭೋಜನವೇ ಅಲ್ಲ ಅಂದ ಪೌಲ.

ಈಚೆಗೆ ಒಂದು ಶುಕ್ರವಾರ ಪ್ರಾರ್ಥನಾ ವಿಷಯಗಳನ್ನ ಕೇಳ್ತಿದ್ದೆ. ಹೌದು, ಕೂಟ ನಡೆಸೋದು ಈಗ ನಾನೇ, ನಗಬೇಡ. ಒಬ್ಬರಿಗೆ ಮಗಳ ಸಿ.ಇ.ಟಿ., ಒಬ್ಬರಿಗೆ ತೋಟದ ಎಲೆಚುಕ್ಕಿ ರೋಗ, ಒಬ್ಬರಿಗೆ ಮೊಣಕಾಲು. ಕೊನೆಗೆ ಅಕ್ಕ ಅಂದರು: "ನಂಗೆ ದೇವ್ರ ಮೇಲೆ ಕೋಪ ಬಂದದೆ. ಪ್ರಾರ್ಥನೆ ಬರ್ತಾ ಇಲ್ಲ. ನೀವೇ ಮಾಡ್ಬಿಡಿ."

ಕೋಣೇಲಿ ಸದ್ದಿಲ್ಲ. ನಾನು ಹಾಡು ಎತ್ತಿದೆ. ಯಾವ ಹಾಡು ಅಂತ ನಿನಗೆ ಹೇಳಬೇಕಾಗಿಲ್ಲ, ನಮ್ಮ "ತುರ್ತು ನಿರ್ಗಮನ" ಹಾಡು. ಎಲ್ಲರೂ ಚಪ್ಪಾಳೆ ತಟ್ಟಿದರು, ಚಹಾ ಬಂತು.

ಯಾಕೆ ಎತ್ತಿದೆ ಗೊತ್ತಾ? ಅವರು ಹೇಳಿದ್ದು ನನ್ನ ಮಾತು, ಅದಕ್ಕೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಇಡೀ ಕೂಟ ಉಪವಾಸ ಮಾಡಿತು. ಅಪ್ಪ ಹೋದರು. "ಆತನ ಚಿತ್ತ" ಅಂತ ಸಮಾಧಿ ಹತ್ತಿರ ನಿಂತು ಗಟ್ಟಿಯಾಗಿ ಹೇಳಿದವನು ನಾನೇ, ನೀನೂ ಕೇಳಿಸಿಕೊಂಡೆ. ಆಮೇಲೆ ಒಬ್ಬನೇ ಇದ್ದಾಗ ಒಂದು ಸಲವೂ ಪ್ರಾರ್ಥನೆ ಬಂದಿಲ್ಲ ಸ್ಯಾಮಿ. ಕೂಟದಲ್ಲಿ ಬರುತ್ತೆ, ಚೆನ್ನಾಗೇ ಬರುತ್ತೆ, ಎಲ್ಲಿ ದನಿ ಇಳಿಸಬೇಕು ಅಂತ ಗೊತ್ತಿದೆಯಲ್ಲ. ಮನೆಗೆ ಬಂದು ಲೈಟು ಆರಿಸಿದರೆ ಒಳಗೆ ಏನೂ ಇಲ್ಲ, ಬರೀ ಸಿಟ್ಟು. ಮರುವಾರ ಗೇಟಿನ ಹತ್ತಿರ ಅಕ್ಕ ಕೇಳಿದರು: "ಅಣ್ಣ, ನಂಗೋಸ್ಕರ ಮಾಡಿದ್ರಾ?" ಮಾಡಿದೆ ಅಂದೆ.

ಯೋಹಾನ ತನ್ನ ಮೊದಲ ಪತ್ರದಲ್ಲಿ ಬೆಳಕಿನಲ್ಲಿ ನಡೆದರೆ ನಮಗೆ ಒಬ್ಬರಲ್ಲೊಬ್ಬರಿಗೆ ಅನ್ಯೋನ್ಯತೆ ಇರುತ್ತೆ ಅಂತಾನೆ, ನೀನು ಫೆಲೋಶಿಪ್ ಅಂದೆಯಲ್ಲ, ಅದೇ. ಬೆಳಕು ಅಂದರೆ ಕಲೆ ಇಲ್ಲದ ಬಿಳಿ ಅಂಗಿ ಅಂದುಕೊಂಡಿದ್ದೆ ಇಷ್ಟು ದಿನ. ಆ ವಾಕ್ಯದ ಬೆನ್ನಿಗೇ, ನಮ್ಮಲ್ಲಿ ಪಾಪವಿಲ್ಲ ಅಂದರೆ ನಮ್ಮನ್ನೇ ಮೋಸಮಾಡಿಕೊಂಡ ಹಾಗೆ ಅಂತ ಇದೆ. ಇದ್ದದ್ದು ಇದ್ದ ಹಾಗೆ ಕಾಣೋ ಜಾಗ ಅದು. ಹಾಗೆ ನೋಡಿದರೆ ಆ ರಾತ್ರಿ ನಮ್ಮ ಕೋಣೆಯಲ್ಲಿ ಅನ್ಯೋನ್ಯತೆಯ ಹತ್ತಿರ ಇದ್ದದ್ದು ಬಾಗಿಲ ಬಳಿ ಕೂತ ಒಬ್ಬರೇ. ಉಳಿದ ನಾವೆಲ್ಲ "ದೇವರ ಕೃಪೆಯಿಂದ ಚೆನ್ನಾಗಿದ್ದೀವಿ" ಅಂತ ಒಬ್ಬರಿಗೊಬ್ಬರು ಮುಯ್ಯಿ ತೀರಿಸ್ತಿದ್ವಿ. ಬೆಂಗಳೂರಿನ ನಿನ್ನ ಸಭೆಯಲ್ಲಿ ಆ ಕಾಫಿ ಕಪ್ಪು ಹಿಡಕೊಂಡು ಯಾರಾದರೂ ಹಿಂಗೆ ಹೇಳಿದರೆ ಏನಾಗುತ್ತೆ? ನಿಜವಾಗಿ ಕೇಳ್ತಿದ್ದೀನಿ, ಚುಚ್ಚೋಕಲ್ಲ.

ನೋಡು, ಇಷ್ಟೆಲ್ಲ ಬರೆಯೋ ಯೋಚನೆ ಇರಲಿಲ್ಲ. ಎಂಟು ಜನರ ಎದುರು ಬಾಯಿ ಬಿಡೋಕಾಗದ್ದನ್ನ ಫೇಸ್‌ಬುಕ್ಕಿನಲ್ಲಿ ಊರಿಗೆಲ್ಲ ಸಾರ್ತಿದ್ದೀನಿ, ಅದೂ ನಿನ್ನ ಹೆಸರು ಮುಂದಿಟ್ಟುಕೊಂಡು. ಸಭೆಯ ಪಾಸ್ಟರ್ ಅಯ್ಯನವರು ಓದ್ತಾರೆ, ಶುಂಠಿ ಬಣದವರೂ ಓದ್ತಾರೆ. ಬರೋ ಶುಕ್ರವಾರ ನಾನು ಕೂಟ ನಡೆಸ್ತೀನೋ, ನನಗೋಸ್ಕರ ಕೂಟ ನಡೆಯುತ್ತೋ ಗೊತ್ತಿಲ್ಲ. ಅಕ್ಕ ಫೇಸ್‌ಬುಕ್ಕಿನಲ್ಲಿಲ್ಲ, ಅವರಿಗೆ ಬಾಯಲ್ಲೇ ಹೇಳಬೇಕು. ದಯವಿಟ್ಟು ಯಾರೂ ಕೆಳಗೆ ಕೈಮುಗಿದ ಚಿತ್ರ ಹಾಕಬೇಡಿ, ಅದರಲ್ಲೂ ಸ್ಯಾಮಿ ನೀನು. ನೀನು ಪ್ರಾರ್ಥನೆ ಮಾಡ್ತೀನಿ ಅಂದಾಗಲೆಲ್ಲ ನಿದ್ದೆ ಮಾಡಿದ್ದಕ್ಕೆ ಹಾಸ್ಟೆಲಿನ ಮಂಚವೇ ಸಾಕ್ಷಿ.

ಅಪ್ಪೆಮಿಡಿ ಉಪ್ಪಿನಕಾಯಿ ರಾತ್ರಿ ಬಸ್ಸಿಗೆ ಹಾಕಿದ್ದೀನಿ, ಕ್ಲೀನರ್ ಹತ್ತಿರ ಇಸ್ಕೊ. ಹಿಂದಿನ ಬಾಟಲಿಗಳು ಇನ್ನೂ ವಾಪಸ್ ಬಂದಿಲ್ಲ. ಹೌದು, ಲೆಕ್ಕ ಇಟ್ಟಿದ್ದೀನಿ.

ನಿನ್ನ,
ಪಾಸ್ಟರ್ ಅಲ್ಲದವನು