ತಾಮ್ರ ಎಲ್ಲಿಗೆ ಹೋಯಿತು?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಸಮುದ್ರದ ಬ್ಯಾಕ್ಟೀರಿಯಾಗಳ ಬಗ್ಗೆ ಬಂದ ಬರಹ ಓದಿದೆ. ಕಾರ್ಖಾನೆಯ ಲೋಹವನ್ನು ಅವು 'ತಿಂದು ತೇಗುತ್ತವೆ', ಕಡಲು ತಾನಾಗಿಯೇ ಚೊಕ್ಕಟವಾಗುತ್ತದೆ ಅನ್ನುವ ಧಾಟಿ ಅದರಲ್ಲಿತ್ತು. ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ವಿಜ್ಞಾನಿ ಅಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ 26 ವರ್ಷ ನಿಕ್ಕಲ್, ಕ್ರೋಮ್ ಪ್ಲೇಟಿಂಗ್ ಮಾಡಿದವನು. ನೀರಿಗೆ ಬಿದ್ದ ಲೋಹ ಮಾಯವಾಗಿದ್ದನ್ನು ನಾನಂತೂ ಒಂದು ದಿನವೂ ನೋಡಿಲ್ಲ.

ನನ್ನ ಅಣ್ಣನ ಮಗಳು ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಅದು ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ್ದೇ ವಿಭಾಗ. ಧಾರವಾಡದಲ್ಲಿ ಕಡಲಿಲ್ಲವಲ್ಲ, ಅದಕ್ಕೆ ಅಲ್ಲಿದೆ. ದೀಪಾವಳಿಗೆ ಬಂದಾಗ ಮೊಬೈಲಿನಲ್ಲಿ ಮೂರು ಗಾಜಿನ ತಟ್ಟೆಗಳ ಫೋಟೋ ತೋರಿಸಿದಳು. ಅಂಗೈಯಗಲದ ತಟ್ಟೆ, ಒಳಗೆ ಅಗರ್ ಅನ್ನುವ ಜೆಲ್ಲಿ, ಅದರ ಮೇಲೆ ಮೀನುದೋಣಿ ನಿಲ್ಲುವ ದಕ್ಕೆಯ ಕೆಸರಿನಿಂದ ತೆಗೆದ ಬ್ಯಾಕ್ಟೀರಿಯಾ. ಮೊದಲನೆಯದರಲ್ಲಿ ಸಾಬುದಾಣಿ ಚೆಲ್ಲಿದ ಹಾಗೆ ತುಂಬ ಚುಕ್ಕೆಗಳು, ಒಂದೊಂದು ಚುಕ್ಕೆಯೂ ಬ್ಯಾಕ್ಟೀರಿಯಾಗಳ ಒಂದು ಗುಂಪು. ಎರಡನೆಯದಕ್ಕೆ ಚೂರು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಬೆರೆಸಿದ್ದರು, ಚುಕ್ಕೆ ಕಡಿಮೆ. ಮೂರನೆಯದಕ್ಕೆ ಜಾಸ್ತಿ. ಅಲ್ಲಿ ಉಳಿದದ್ದು ಏಳೇ ಏಳು. ಅವೂ ಸಾಸಿವೆ ಗಾತ್ರ, ಎದ್ದದ್ದೂ ಎರಡು ದಿನ ತಡವಾಗಿ.

"ಈ ಏಳು ತಾಮ್ರಾ ತಿಂದು ಬದುಕ್ಯಾವೇನು?" ಅಂದೆ.

"ತಿನ್ನೂದಿಲ್ಲ ಕಾಕಾ, ಹೊರಗ ದಬ್ಬತಾವ."

ಇಡೀ ಪುರವಣಿಗಿಂತ ಈ ಒಂದು ಮಾತು ನನಗೆ ಹೆಚ್ಚು ಹಿಡಿಸಿತು. ಬ್ಯಾಕ್ಟೀರಿಯಾದ ಕೆಲವು ಕಿಣ್ವಗಳಿಗೆ (ಎಂಜೈಮ್) ತಾಮ್ರ ಎಳ್ಳಷ್ಟು ಬೇಕು, ಜಾಸ್ತಿಯಾದರೆ ಅದೇ ವಿಷ. ಅದಕ್ಕೆ ಬ್ಯಾಕ್ಟೀರಿಯಾ ತನ್ನ ಮೈಯ ಪೊರೆಯಲ್ಲೇ ಪಂಪು ಇಟ್ಟುಕೊಂಡಿದೆ. ಒಳಗೆ ಬಂದ ತಾಮ್ರವನ್ನು ಎತ್ತಿ ಹೊರಗೆ ಹಾಕುವುದೇ ಅದರ ಕೆಲಸ. ಪಂಪು ಓಡಲು ಶಕ್ತಿ ಬೇಕು. ಬೆಳೆಯಲು ಬೇಕಾದದ್ದನ್ನು ಅದಕ್ಕೇ ಖರ್ಚು ಮಾಡಿದರೆ ಗಾತ್ರ ಸಾಸಿವೆಯಷ್ಟೇ ಆಗುವುದು, ಅಲ್ವಾ? ಜೋರು ಮಳೆಯಲ್ಲಿ ನಮ್ಮ ಊರಿನ ಅಂಗಡಿಯವರು ನೆಲಮಾಳಿಗೆಗೆ ಮೋಟರ್ ಹಚ್ಚುತ್ತಾರಲ್ಲ, ಹಾಗೆ. ಅಂಗಡಿ ಒಣಗುತ್ತದೆ, ರಸ್ತೆಯ ನೀರು ರಸ್ತೆಯಲ್ಲೇ ಇರುತ್ತದೆ.

ಕೆಲವು ಬ್ಯಾಕ್ಟೀರಿಯಾ ಮೈಸುತ್ತ ಲೋಳೆ ಸುರಿಸಿ ಲೋಹವನ್ನು ಅದರಲ್ಲೇ ಅಂಟಿಸಿಕೊಳ್ಳುತ್ತವೆ. ಪಾದರಸ ಕಂಡರೆ ಇನ್ನು ಕೆಲವು ಅದನ್ನು ಆವಿ ಮಾಡಿ ಗಾಳಿಗೆ ಬಿಡುತ್ತವೆ. ನೀರಿನಿಂದ ಹೋಯಿತು, ಸರಿ. ಗಾಳಿಯಲ್ಲಿ ಸುತ್ತಿ ಇನ್ನೆಲ್ಲೋ ಇಳಿಯುತ್ತದೆ.

ಕ್ರೋಮ್ ವಿಷಯ ಮಾತ್ರ ನನ್ನ ಕೈಯಲ್ಲೇ ಆಡಿದ್ದು. ಪ್ಲೇಟಿಂಗ್ ಆದ ಸಾಮಾನು ತೊಳೆದ ನೀರು ಹಳದಿ ಇರುತ್ತದೆ, ಅದು ಆರರ ಕ್ರೋಮಿಯಂ, ಅಂದರೆ ಆರು ವೇಲೆನ್ಸಿಯ ರೂಪ, ಕೆಟ್ಟ ವಿಷ. ಸ್ವಲ್ಪ ಆ್ಯಸಿಡ್ ಹಾಕಿ, ಸೋಡಿಯಂ ಮೆಟಾಬೈಸಲ್ಫೈಟ್ ಸುರಿದು ಕೋಲಿನಿಂದ ತಿರುವಿದರೆ ಹಳದಿ ಹೋಗಿ ಹಸಿರಾಗುತ್ತದೆ. ಅದು ಮೂರರ ಕ್ರೋಮಿಯಂ, ವಿಷ ಬಹಳ ಕಡಿಮೆ. ಆಮೇಲೆ ಸುಣ್ಣ ಹಾಕಿದರೆ ತಳದಲ್ಲಿ ಹಸಿರು ರಾಡಿ ಕೂರುತ್ತದೆ. ಎಷ್ಟೋ ಬ್ಯಾಕ್ಟೀರಿಯಾ ತಮ್ಮ ಕಿಣ್ವದಿಂದ ಆರನ್ನು ಹೀಗೇ ಮೂರು ಮಾಡುತ್ತವೆ ಎಂದು ಹುಡುಗಿ ಹೇಳಿದಾಗ ನನಗೆ ನಗು ಬಂತು. ನಮ್ಮ ಕಸುಬಿನವೇ! ಆದರೆ ರಾಡಿಯಲ್ಲಿ ಕ್ರೋಮಿಯಂ ಇದ್ದಷ್ಟೇ ಇರುತ್ತದೆ. ಒಂದು ಗ್ರಾಮೂ ಕಡಿಮೆ ಆಗುವುದಿಲ್ಲ.

ಮೊದಲ ಏಳೆಂಟು ವರ್ಷ ನಾನು ಈ ಕೆಲಸ ಮಾಡಲೇ ಇಲ್ಲ. ಸಂಜೆ ಶಟರ್ ಎಳೆಯುವ ಮುಂಚೆ ಹಳದಿ ನೀರನ್ನು ನೇರ ಗಟಾರಕ್ಕೆ ಬಿಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆ ಇದೆ, ಆದರೂ ಬರೆಯುತ್ತೇನೆ.

ಕಡಲು ನಮಗೆ ದೂರ ಅನ್ನಬೇಡಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯ ಬೇಡ್ತಿ, ಎರಡೂ ಕಲಘಟಗಿ ಹತ್ತಿರ ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು ಅಂಕೋಲೆ ಸೀಮೆಯಲ್ಲಿ ಕಡಲು ಸೇರುತ್ತವೆ. ದಾರಿಯಲ್ಲಿ ಯಲ್ಲಾಪುರದ ಅಡಿಕೆ ತೋಟಗಳಿವೆ. ಅಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೆಳಗೆ ದಕ್ಕೆಯಲ್ಲಿ ದೋಣಿಯ ತಳಕ್ಕೆ ಚಿಪ್ಪುಹುಳ ಹತ್ತಬಾರದೆಂದು ಬಳಿಯುವ ಕೆಂಪು ಬಣ್ಣದಲ್ಲೂ ತಾಮ್ರವೇ. ಬ್ಯಾಕ್ಟೀರಿಯಾ ಪಾಪ, ಪಂಪು ಹೊಡೆಯದೆ ಏನು ಮಾಡಬೇಕು?

ನಿಮ್ಮ ಬರಹದಲ್ಲಿ ಬಿಟ್ಟುಹೋದ ಇನ್ನೊಂದು ಮಾತಿದೆ. ಲೋಹ ತಡೆಯುವ ಜೀನ್‌ಗಳು ಎಷ್ಟೋ ಸಲ ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್‌ಎ ಉಂಗುರದ ಮೇಲಿರುತ್ತವೆ. ಅದನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸುತ್ತದೆ. ಆ್ಯಂಟಿಬಯೋಟಿಕ್‌ಗೆ ಜಗ್ಗದ ಜೀನ್‌ಗಳೂ ಅದೇ ಉಂಗುರದಲ್ಲಿ ಇರಬಹುದು. ಆಗ ಲೋಹ ಸುರಿದ ನೀರಿನಲ್ಲಿ, ಒಂದು ಮಾತ್ರೆಯೂ ಬೀಳದೆ, ಮಾತ್ರೆಗೆ ಬಗ್ಗದವು ಹೆಚ್ಚುತ್ತವೆ. ತೇಗುವುದು ಅಂದರೆ ಇದೇನಾ?

ಮುಂದೆ ಇಂಥ ಸುದ್ದಿ ಹಾಕುವಾಗ ಲೋಹ ಕೊನೆಗೆ ಎಲ್ಲಿ ಕೂತಿತು ಅಂತ ಬರೆದವರನ್ನು ಒಂದು ಮಾತು ಕೇಳಿ. ನನ್ನ ಶೆಡ್ಡು ಮುಚ್ಚಿ ಒಂಬತ್ತು ವರ್ಷ ಆಯಿತು. ಗಟಾರಕ್ಕೆ ನೀರು ಬಿಡುತ್ತಿದ್ದ ತೂತಿನ ಸುತ್ತ ಸಿಮೆಂಟು ಇವತ್ತಿಗೂ ಹಸಿರಾಗಿದೆ. ನಿಮ್ಮ ವರದಿಗಾರರು ಬಂದರೆ ಬೀಗ ತೆಗೆದು ತೋರಿಸುತ್ತೇನೆ.

ಹಳೇ ಪ್ಲೇಟಿಂಗ್ ಮಿಸ್ತ್ರಿ
ಗೋಕುಲ ರಸ್ತೆ, ಹುಬ್ಬಳ್ಳಿ